ನನ್ನ ಅರ್ಜಿಯಿಂದ ಬೀಳಬೇಕಿದ್ದ ಮೂವತ್ತಾರು ಮನೆಗಳು

ಮಲವಗೊಪ್ಪ ದಾಟಿ ಭದ್ರಾವತಿ ಕಡೆಗೆ ಸ್ವಲ್ಪ ದೂರ ಹೋದರೆ ಸಿಗುವ ನಮ್ಮ ಜನತಾ ಕಾಲೋನಿಯಲ್ಲಿ ಆಗ ಮೂವತ್ತಾರು ಮನೆಗಳಿದ್ದವು. ಅಷ್ಟೂ ಮನೆಗಳ ಪೈಕಿ ಒಳ್ಳೆಯ ಕನ್ನಡ ಬರೆಯಬಲ್ಲವನು ನಾನೊಬ್ಬನೇ ಎಂಬುದು ನನ್ನ ಅಭಿಪ್ರಾಯವಾಗಿತ್ತು. ದುರದೃಷ್ಟವಶಾತ್ ಕಾಲೋನಿಯವರೂ ಅದನ್ನು ನಂಬಿದ್ದರು.

ನಾನು ಸವಳಂಗ ರಸ್ತೆಯ ಒಂದು ಪ್ರೆಸ್ಸಿನಲ್ಲಿ ಅಚ್ಚಿನ ಮೊಳೆ ಜೋಡಿಸುವ ಕೆಲಸದಲ್ಲಿದ್ದೆ. ಹಗಲೆಲ್ಲ ಮದುವೆಯ ಕರೆಯೋಲೆ, ವೈಕುಂಠ ಸಮಾರಾಧನೆಯ ಕಾಗದ ಇವುಗಳ ನಡುವೆಯೇ ಇದ್ದು ನನ್ನ ಭಾಷೆ ಒಂದು ಎತ್ತರಕ್ಕೆ ಏರಿಬಿಟ್ಟಿತ್ತು. "ತಾವು ದಯಮಾಡಿ ಸಾರು ಬಡಿಸಬೇಕಾಗಿ ಕೋರುತ್ತೇನೆ" ಎಂದು ಒಮ್ಮೆ ಹೆಂಡತಿ ಗಿರಿಜಾಗೆ ಹೇಳಿದ್ದೆ. ಅವಳು ಸಾರಿನ ಪಾತ್ರೆಯನ್ನೇ ನನ್ನ ಮುಂದೆ ಕುಕ್ಕಿ ಹೋಗಿದ್ದಳು.

ಸರ್ಕಾರ ಆ ಮನೆಗಳನ್ನು ಕಟ್ಟಿಸಿಕೊಟ್ಟು ಇಪ್ಪತ್ತು ವರ್ಷ ಕಳೆದಿತ್ತು. ಹೆಂಚು ಒಡೆದಿದ್ದವು, ಗೋಡೆಯ ಗಾರೆ ಉದುರಿತ್ತು. ಚರಂಡಿ ಹರಿಯುವುದನ್ನು ಮರೆತು ನಿಂತಲ್ಲೇ ನಿಂತಿತ್ತು. ಇದ್ದ ಒಂದೇ ನಲ್ಲಿಯ ಪಕ್ಕದ ಹೊಂಗೆ ಮರದ ಕೆಳಗೆ ಒಂದು ಭಾನುವಾರ ಸಭೆ ಸೇರಿದೆವು.

ನಮ್ಮ ಎದುರು ಮನೆಯ ಸೆಲ್ವಿ ಅಕ್ಕ ಮೊದಲು ಮಾತಾಡಿದಳು. ಅವಳು ಭದ್ರಾವತಿಯ ಕಾರ್ಖಾನೆ ಕ್ವಾರ್ಟರ್ಸಿನಲ್ಲಿ ಹುಟ್ಟಿ ಬೆಳೆದವಳು. ಮಾತು ಕಮ್ಮಿ, ಕೆಲಸ ಜೋರು.

"ಅಣ್ಣಾ, ಮೊದ್ಲು ಚರಂಡಿ ಕೆಸರು ನಾವೇ ಎತ್ತೋಣ. ಮನೆಗೊಬ್ರು ಬಂದ್ರೆ ಎರಡು ದಿನದ ಕೆಲಸ. ಹೆಂಚು ಆಮೇಲೆ ನೋಡೋಣ."

ನಾನು ನಸುನಕ್ಕೆ. "ಸೆಲ್ವಿ ಅಕ್ಕಾ, ಅದು ಸರ್ಕಾರದ ಕರ್ತವ್ಯ. ನಾವು ಮಾಡಿಬಿಟ್ರೆ ಸರ್ಕಾರ ಏನ್ಮಾಡತ್ತೆ? ಒಂದು ಅರ್ಜಿ ಸಾಕು. ನನಗೆ ಬಿಡಿ."

ಬಿಟ್ಟರು. ಸಲಿಕೆ ಹಿಡಿಯುವುದಕ್ಕಿಂತ ನನಗೆ ಬಿಡುವುದು ಎಲ್ಲರಿಗೂ ಸುಲಭವಾಗಿ ಕಂಡಿರಬೇಕು.

ಮೊದಲ ಅರ್ಜಿಯಲ್ಲಿ ಮನೆಗಳು "ಶಿಥಿಲವಾಗಿವೆ" ಎಂದು ಬರೆದೆ. ಉತ್ತರ ಬರಲಿಲ್ಲ. ಎರಡನೆಯದರಲ್ಲಿ "ಯಾವ ಕ್ಷಣದಲ್ಲಾದರೂ ಧರಾಶಾಯಿಯಾಗಲಿವೆ" ಎಂದೆ. ಅದಕ್ಕೂ ಉತ್ತರವಿಲ್ಲ. ಮೂರನೆಯ ಅರ್ಜಿಗೆ ಕೂತಾಗ ಪ್ರೆಸ್ಸಿನಲ್ಲಿ ಒಂದೇ ವಾರದಲ್ಲಿ ನಾಲ್ಕು ಶ್ರದ್ಧಾಂಜಲಿ ಜೋಡಿಸಿದ್ದೆ. ಅದರ ಪ್ರಭಾವ ಹಾಗೇ ಅರ್ಜಿಗೂ ಇಳಿದುಬಂತು. "ಈ ಮನೆಗಳು ಮನುಷ್ಯರ ವಾಸಕ್ಕೆ ಸರ್ವಥಾ ಅಯೋಗ್ಯವಾಗಿದ್ದು, ಇವುಗಳಲ್ಲಿ ಮಲಗಿದವರು ಬೆಳಿಗ್ಗೆ ಏಳುವುದು ದೈವಕೃಪೆಯೇ ಹೊರತು ಗೋಡೆಗಳ ಕೃಪೆಯಲ್ಲ."

ಗಿರಿಜಾಗೆ ಓದಿ ಹೇಳಿದೆ. ಅವಳು ಅಕ್ಕಿ ಆರಿಸುವುದನ್ನು ನಿಲ್ಲಿಸಿ ಗೋಡೆ ನೋಡಿದಳು.

"ರೀ, ನಮ್ಮನೆ ಬೀಳತ್ತಾ? ನಂಗೇ ಗೊತ್ತಿರ್ಲಿಲ್ಲ."

"ಬೀಳಲ್ಲ ಮಾರಾಯ್ತಿ. ಅದು ಶೈಲಿ."

ಅರ್ಜಿಯ ಜೊತೆ ಒಂದು ಫೋಟೋ ಇರಲಿ ಎನಿಸಿತು. ನಮ್ಮ ಯಾವ ಮನೆಯೂ ಫೋಟೋದಲ್ಲಿ ಸಾಕಷ್ಟು ಕರುಣಾಜನಕವಾಗಿ ಕಾಣಲಿಲ್ಲ. ಕಾಲೋನಿಯ ಹಿಂದೆ ಯಾವ ಕಾಲದಲ್ಲೋ ಬಿದ್ದುಹೋದ ಒಂದು ಕೊಟ್ಟಿಗೆಯಿತ್ತು. ಅದರ ಮುಂದೆ ಮೂರು ಮಕ್ಕಳನ್ನು ನಿಲ್ಲಿಸಿ, ನಗಬೇಡಿ ಎಂದು ಗದರಿಸಿ, ಫೋಟೋ ತೆಗೆಸಿದೆ.

ಈ ಸಲ ಹದಿನೈದು ದಿನಕ್ಕೇ ಉತ್ತರ ಬಂತು. ಲಕೋಟೆ ಒಡೆಯದೆ ಎಲ್ಲರನ್ನೂ ಹೊಂಗೆ ಮರದ ಕೆಳಗೆ ಕರೆಸಿದೆ. ಒಬ್ಬನೇ ಓದಿಕೊಂಡರೆ ಚಪ್ಪಾಳೆ ತಟ್ಟುವವರು ಯಾರು? ಕಟ್ಟೆ ಹತ್ತಿ, ಗಂಟಲು ಸರಿಮಾಡಿಕೊಂಡು ಶುರುಮಾಡಿದೆ.

"ತಮ್ಮ ಮನವಿಯನ್ನು ಅತ್ಯಂತ ಗಂಭೀರವಾಗಿ ಪರಿಗಣಿಸಲಾಗಿದೆ."

ಚಪ್ಪಾಳೆ ಬಿತ್ತು. ಕೈಯೆತ್ತಿ ಸುಮ್ಮನಾಗಿಸಿ ಮುಂದುವರಿಸಿದೆ.

"ಸದರಿ ಮನೆಗಳು ವಾಸಕ್ಕೆ ಅಯೋಗ್ಯವೆಂದು ನಿವಾಸಿಗಳೇ ಲಿಖಿತವಾಗಿ ಒಪ್ಪಿಕೊಂಡಿರುವುದರಿಂದ..." ಇಲ್ಲಿ ನನ್ನ ದನಿ ಸ್ವಲ್ಪ ಇಳಿಯಿತು. "...ಎಂಟು ದಿನಗಳಲ್ಲಿ ಇಂಜಿನಿಯರ್ ಪರಿಶೀಲಿಸಿ... ಅಪಾಯವೆಂದು ಕಂಡಲ್ಲಿ ನಿವಾಸಿಗಳನ್ನು ತೆರವುಗೊಳಿಸಿ..."

"ಜೋರಾಗಿ ಓದಪ್ಪ, ಕೇಳಲ್ಲ" ಎಂದು ಹಿಂದಿನಿಂದ ಹನುಮಂತಪ್ಪ ಕೂಗಿದರು. ಅವರು ನಮ್ಮಲ್ಲಿದ್ದ ಹಳೇ ಗಾರೆ ಮೇಸ್ತ್ರಿ.

"...ಮನೆಗಳನ್ನು ನೆಲಸಮ ಮಾಡಲಾಗುವುದು."

ಈ ಸಲ ಚಪ್ಪಾಳೆ ಬೀಳಲಿಲ್ಲ.

ಮಾರನೆಯ ದಿನ ರಜೆ ಹಾಕಿ ಆ ಪತ್ರ ಕಳಿಸಿದ್ದ ಕಚೇರಿಗೆ ಓಡಿದೆ. ಅಲ್ಲಿನ ಗುಮಾಸ್ತರು ನನ್ನ ಅರ್ಜಿಯನ್ನು ಫೈಲಿನಿಂದ ತೆಗೆದು ಗೌರವದಿಂದ ಸವರಿದರು.

"ಇದನ್ನ ಬರೆದೋರು ನೀವೇನಾ? ಓದಿ ನಮ್ಮ ಮೇಡಮ್ ಕಣ್ಣೊರೆಸ್ಕೊಂಡ್ರು."

"ಸರ್, ಅದನ್ನ ವಾಪಸ್ ತಗೋಬೇಕಿತ್ತು."

"ತಗೋಬಹುದು. ವಾಪಸ್ ತಗೋಳಕ್ಕೆ ಒಂದು ಅರ್ಜಿ ಕೊಡಿ."

ಅಲ್ಲೇ ನಿಂತು ಬರೆದೆ. "ಮನೆಗಳು ಕೋಟೆಯಂತೆ ಸುಭದ್ರವಾಗಿವೆ" ಎಂದು ಕಲಮು ತಾನಾಗಿಯೇ ಬರೆದುಬಿಟ್ಟಿತು. ಗುಮಾಸ್ತರು ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿದರು.

"ಎರಡರಲ್ಲೂ ನಿಮ್ಮದೇ ಸಹಿ ಇದೆ. ಯಾವುದು ನಿಜ ಅಂತ ಇಂಜಿನಿಯರ್ರೇ ಬಂದು ನೋಡ್ತಾರೆ ಬಿಡಿ."

ಬಸ್ಸಿಳಿದು ಮನೆ ಕಡೆ ಬರುವಾಗ ಕೊನೆಯ ಸಾಲಿನ ರಂಗಮ್ಮಜ್ಜಿ ಬಾಗಿಲಲ್ಲಿ ಕೂತಿದ್ದಳು. ಒಂಟಿ ಜೀವ. ಅವಳ ಮನೆಯ ಹಿಂದಿನ ಗೋಡೆ ಮಾತ್ರ ನಿಜವಾಗಿಯೂ ವಾಲಿತ್ತು. ನನ್ನ ಅರ್ಜಿಯಲ್ಲಿ ಅದೊಂದರ ವಿಚಾರವೇ ಇರಲಿಲ್ಲ.

"ಮಗಾ, ನನ್ನ ಮನೆ ಬೀಳಿಸ್ತಾರಂತಲ್ಲ. ನಾನು ಎಲ್ಲಿಗೆ ಹೋಗ್ಲಿ?"

ಅವಳು ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಕೇಳಿದಳಷ್ಟೇ.

ಅಷ್ಟರಲ್ಲಿ ಸೆಲ್ವಿ ಅಕ್ಕ, ಇಂಜಿನಿಯರ್ ಬರುವ ಮೊದಲೇ ಮನೆಗಳು ಸರಿಯಾಗಲಿ ಎಂದು ಕೆಲಸ ಹಂಚಿಯಾಗಿತ್ತು. ಹೆಂಗಸರು ಸೀರೆ ಸೊಂಟಕ್ಕೆ ಸಿಕ್ಕಿಸಿ ಚರಂಡಿಗೆ ಇಳಿದಿದ್ದರು. ಕೂಲಿಗೆ, ಫ್ಯಾಕ್ಟರಿಗೆ ಹೋಗುವ ಗಂಡಸರು ಬೆಳಿಗ್ಗೆ ಎರಡು ತಾಸು, ಸಂಜೆ ಎರಡು ತಾಸು ಬರಬೇಕೆಂದು ತೀರ್ಮಾನವಾಯಿತು. ಒಬ್ಬರ ಹಿತ್ತಲಲ್ಲಿ ಬಿದ್ದಿದ್ದ ಹೆಂಚು ಇನ್ನೊಬ್ಬರ ಸೂರಿಗೆ ಏರಿತು. ಹನುಮಂತಪ್ಪ ಸೊಂಟನೋವನ್ನು ಮರೆತು ಕರಣೆ ಹಿಡಿದರು.

"ನಾನೇನು ಮಾಡ್ಲಿ?" ಎಂದು ಕೇಳಿದೆ.

ಸೆಲ್ವಿ ಅಕ್ಕ ನನ್ನ ಮೆತ್ತನೆ ಕೈ ನೋಡಿದಳು. "ಸುಣ್ಣ ಕಲಸಿ. ಸ್ವಲ್ಪ ನೀಲಿ ಹಾಕಿ, ಬೆಳ್ಳಗೆ ಬರತ್ತೆ."

ನನಗೆ "ಸ್ವಲ್ಪ" ಎಂಬ ಮಾತಿನ ಅಭ್ಯಾಸವಿರಲಿಲ್ಲ. ಮೂರು ಸಾಲಿಗೆಂದು ತಂದಿದ್ದ ನೀಲಿಯನ್ನು ಒಂದೇ ಡ್ರಮ್ಮಿಗೆ ಸುರಿದೆ. ಎರಡನೆಯ ಸಾಲಿನ ಹನ್ನೆರಡು ಮನೆಗಳೂ ಶಾಲೆಯ ಇಂಕಿನ ಬಣ್ಣಕ್ಕೆ ತಿರುಗಿದವು. ಗಿರಿಜಾ ಬಂದು ನಿಂತು ನೋಡಿದಳು.

"ಇದೂ ಶೈಲಿನಾ?"

ಆಮೇಲೆ ನನ್ನನ್ನು ಇಟ್ಟಿಗೆ ಹೊರುವುದಕ್ಕೆ ಹಾಕಿದರು. ಆ ಬಿದ್ದ ಕೊಟ್ಟಿಗೆಯ ಇಟ್ಟಿಗೆಗಳನ್ನೇ ಹೊತ್ತು ತಂದೆ. ಹನುಮಂತಪ್ಪ ರಂಗಮ್ಮಜ್ಜಿಯ ಹಿಂದಿನ ಗೋಡೆ ಕೆಡವಿ ಹೊಸದಾಗಿ ಎಬ್ಬಿಸಿದರು. ನಾಲ್ಕು ದಿನ ಕೈ ಬೊಬ್ಬೆ ಬಂದು ಮೊಳೆ ಹಿಡಿಯಲಾಗದೆ, ಪ್ರೆಸ್ಸಿನಲ್ಲಿ ಒಂದು ಮದುವೆಯ ವರನ ಹೆಸರನ್ನೇ ತಪ್ಪು ಜೋಡಿಸಿದೆ. ಅದು ಬೇರೆ ಗಲಾಟೆ.

ಎಂಟನೆಯ ದಿನ ಇಂಜಿನಿಯರ್ ಜೀಪಿನಲ್ಲಿ ಬಂದರು. ಕೈಯಲ್ಲಿ ನನ್ನ ಫೋಟೋ. ಮನೆಮನೆ ಹೊಕ್ಕು, ಗೋಡೆ ತಟ್ಟಿ, ಸೂರು ನೋಡಿ, ಹರಿಯುತ್ತಿದ್ದ ಚರಂಡಿಯ ಪಕ್ಕ ಸ್ವಲ್ಪ ಹೊತ್ತು ನಿಂತರು.

"ಫೋಟೋದಲ್ಲಿರೋ ಮನೆ ಎಲ್ಲಿ?"

ನಾನು ಬಾಯಿ ತೆರೆದೆ. ಗಿರಿಜಾ ನನ್ನ ಕಾಲು ತುಳಿದಳು.

ಸೆಲ್ವಿ ಅಕ್ಕ ಹೇಳಿದಳು: "ಅದು ಮನೆ ಅಲ್ಲ ಸಾರ್, ಬಿದ್ದ ಕೊಟ್ಟಿಗೆ. ನಮ್ಮದು ತಪ್ಪಾಯ್ತು. ಅದರ ಇಟ್ಟಿಗೆ ಈಗ ಅಜ್ಜಿ ಗೋಡೆಯಲ್ಲಿದೆ, ಬನ್ನಿ ತೋರಿಸ್ತೀನಿ."

ಇಂಜಿನಿಯರ್ ಆ ಗೋಡೆಯನ್ನು ಎರಡು ಕೈಯಿಂದಲೂ ನೂಕಿ ನೋಡಿದರು. ಅದು ಅಲುಗಲಿಲ್ಲ. ನೆಲಸಮದ ಆದೇಶದ ಮೇಲೆ ಅಡ್ಡಗೆರೆ ಎಳೆದರು. ರಂಗಮ್ಮಜ್ಜಿ ಅವರಿಗೆ ಕೈಮುಗಿದು, ನನಗೂ ಮುಗಿದಳು. ನಾನು ಬೇರೆ ಕಡೆ ನೋಡಿದೆ.

ಅಲ್ಲಿಗೆ ಸುಮ್ಮನಿರಬೇಕಿತ್ತು. ಆದರೆ ಆದೇಶ ರದ್ದಾದ ಕೂಡಲೇ ನನ್ನ ಧೈರ್ಯ ಮರಳಿತ್ತು.

"ಮಾನ್ಯರೇ, ಹಾಗಿದ್ದಲ್ಲಿ ದುರಸ್ತಿಯ ಅನುದಾನ ಯಾವಾಗ ಬಿಡುಗಡೆಯಾಗುವುದು?"

"ದುರಸ್ತಿನಾ? ಏನ್ ದುರಸ್ತಿ? ಎಲ್ಲಾ ಚೆನ್ನಾಗಿದೆಯಲ್ರೀ. ನಿಮ್ಮ ಕಾಲೋನಿನ ಅನುದಾನದ ಪಟ್ಟಿಯಿಂದ ತೆಗೀತೀನಿ, ಬೇರೆಯವರಿಗಾದ್ರೂ ಸಿಗ್ಲಿ."

ಎಪ್ಪತ್ತೆರಡು ಕಣ್ಣುಗಳು ನನ್ನ ಕಡೆ ತಿರುಗಿದವು. ಮನೆಗೊಬ್ಬರ ಲೆಕ್ಕ ಅದು. ಮಕ್ಕಳನ್ನು ಎಣಿಸಿಲ್ಲ.

ಜೀಪು ಹೊರಡುವಾಗ ಸೆಲ್ವಿ ಅಕ್ಕ ಅಡ್ಡ ನಿಂತಳು. "ಸಾರ್, ನೀರಿಗೆ ಒಂದೇ ನಲ್ಲಿ ಇದೆ. ಇನ್ನೊಂದು ಬೇಕು." ಇಂಜಿನಿಯರ್ ಬರೆದುಕೊಂಡರು. ಎರಡು ತಿಂಗಳಿಗೆ ನಲ್ಲಿ ಬಂತು. ನನ್ನ ಮೊದಲ ಮೂರು ಅರ್ಜಿಗಳಲ್ಲಿ ಒಟ್ಟು ಹನ್ನೊಂದು ಪುಟಗಳಿದ್ದವು.

ಕಾಲೋನಿಗೊಂದು ಸಂಘವಾಯಿತು. ಸೆಲ್ವಿ ಅಕ್ಕ ಅಧ್ಯಕ್ಷೆ. ನನಗೂ ಒಂದು ಜವಾಬ್ದಾರಿ ಕೊಟ್ಟರು. ಭಾನುವಾರದ ಚರಂಡಿ.

ಹೀಗೇ ಒಂದು ಭಾನುವಾರ ಮೊಣಕಾಲುದ್ದ ಕೆಸರಲ್ಲಿ ನಿಂತು ಸಲಿಕೆ ಆಡಿಸುತ್ತಿದ್ದೆ. ಶಂಕರಘಟ್ಟದ ಕಡೆಯ ಯಾವುದೋ ಕಾಲೋನಿಯ ಇಬ್ಬರು ವಿಳಾಸ ಹುಡುಕಿಕೊಂಡು ಬಂದು ಗಿರಿಜಾಳನ್ನು ಕೇಳಿದರು.

"ಅಮ್ಮಾ, ಇಲ್ಲಿ ಯಾರೋ ಭಾರೀ ಚೆನ್ನಾಗಿ ಅರ್ಜಿ ಬರೀತಾರಂತೆ. ಇದಾರಾ?"

ಅವಳು ಚರಂಡಿಯಲ್ಲಿದ್ದ ನನ್ನನ್ನು ಒಮ್ಮೆ ನೋಡಿದಳು. ಆಮೇಲೆ ಅವರನ್ನು ನೋಡಿದಳು. ಅವರ ಮುಖದಲ್ಲಿ ಮನೆಮಠ ಇದ್ದವರ ಕಳೆಯಿತ್ತು.

"ಇಲ್ಲಪ್ಪ, ಅವರು ಊರಲ್ಲಿಲ್ಲ" ಎಂದಳು.

ನಾನು ತಲೆ ಇನ್ನಷ್ಟು ತಗ್ಗಿಸಿ ಕೆಸರು ಎತ್ತತೊಡಗಿದೆ.