ಅವರೆ ಹೊಲದಲ್ಲಿ ಮೆಲ್ಬರ್ನ್

ಜೀವನದಲ್ಲಿ ಒಂದೇ ಒಂದು ಸಲ ವಿದೇಶಕ್ಕೆ ಹೋಗಿಬಂದವನಷ್ಟು ಅಪಾಯಕಾರಿ ಮನುಷ್ಯ ಇನ್ನೊಬ್ಬನಿಲ್ಲ. ಹತ್ತು ಸಲ ಹೋದವರು ಬಾಯಿ ಬಿಡುವುದಿಲ್ಲ. ಒಂದು ಸಲ ಹೋದವನು ಬಾಯಿ ಮುಚ್ಚುವುದಿಲ್ಲ. ಟೂರಿನವರ ಜೊತೆ ಆಸ್ಟ್ರೇಲಿಯಾ ಸುತ್ತಿ, ಮೂರು ದಿನ ಮೆಲ್ಬರ್ನಿನಲ್ಲಿದ್ದು ಬಂದ ಮೇಲೆ ನನ್ನ ಕಥೆಯೂ ಅದೇ ಆಯಿತು. ಬಿಟಿಎಂ ಲೇಔಟಿನ ನಮ್ಮ ಪಾರ್ಕಿನಲ್ಲಿ ವಾಕಿಂಗ್ ಬರುವವರು ನನ್ನನ್ನು ಕಂಡರೆ ಉಲ್ಟಾ ಸುತ್ತು ಹಾಕತೊಡಗಿದರು. ಕೊನೆಗೆ ನಿವಾಸಿಗಳ ಸಂಘದ ಕಾರ್ಯದರ್ಶಿ, ಒಂದೇ ಸಲ ಹೇಳಿ ಮುಗಿಸಲಿ ಎಂದೋ ಏನೋ, ತಿಂಗಳ ಉಪನ್ಯಾಸಕ್ಕೆ ನನ್ನ ಹೆಸರು ಹಾಕಿಬಿಟ್ಟರು.

ನಮ್ಮಲ್ಲಿ ಮೊದಲು ಮಾತು, ಆಮೇಲೆ ಖಾರಾಬಾತ್, ಕೇಸರಿಬಾತ್. ಹಿಂದಿನ ತಿಂಗಳು ಡಾಕ್ಟರೊಬ್ಬರು ಸಕ್ಕರೆ ಕಾಯಿಲೆಯ ಬಗ್ಗೆ ಮಾತಾಡುವಾಗ ಅರ್ಧ ಸಭೆ ನಿದ್ದೆಹೋಗಿ, ಕೇಸರಿಬಾತಿನ ಘಮಕ್ಕೆ ಎದ್ದಿತ್ತು. ನನ್ನ ಭಾಷಣಕ್ಕೆ ಕೊನೆಯವರೆಗೆ ಎಚ್ಚರವಾಗಿರುವವರು ಒಬ್ಬರೂ ಸಿಗುವುದಿಲ್ಲ ಎಂದು ನನ್ನ ಹೆಂಡತಿ ಖಡಾಖಂಡಿತವಾಗಿ ಹೇಳಿ, ತಾನು ಬರುವುದಿಲ್ಲವೆಂದಳು. ಅವಳ ಮಾತನ್ನು ಸುಳ್ಳು ಮಾಡಲೇಬೇಕೆಂದು ವಾರವೆಲ್ಲ ಓದಿದೆ.

ಭಾನುವಾರ ಮೈಕ್ ಹಿಡಿದೆ. ಕುರಿ ಸಾಕುವವರು ಪಕ್ಕದ ದ್ವೀಪದಿಂದ ಹಡಗಿನಲ್ಲಿ ಬಂದು ನದಿ ದಂಡೆಯಲ್ಲಿ ಊರು ಕಟ್ಟಿದ್ದು, ಉಣ್ಣೆ ಹೇರಿಕೊಂಡು ಹೊರಟ ಹಡಗುಗಳು, ಚಿನ್ನ ಸಿಕ್ಕಿತೆಂದು ನಾವಿಕರೇ ಹಡಗು ಬಿಟ್ಟು ಓಡಿದ್ದು, ಎಲ್ಲ ಹೇಳಿದೆ. ಚಿನ್ನವೆಂದಾಗ ಕಣ್ಣು ಬಿಟ್ಟ ಕೆಲವರು, ಗೆರೆ ಎಳೆದಂಥ ರಸ್ತೆಗಳ ವಿಷಯ ಬರುವಷ್ಟರಲ್ಲಿ ಮತ್ತೆ ತೂಕಡಿಸಿದರು. ನಾನು ಗಾಬರಿಯಿಂದ, ಖಾಲಿ ಜಾಗದಲ್ಲಿ ಎಂಥ ಬಂದರು ನಗರ ಎದ್ದಿತು ಎಂದು ದನಿ ಏರಿಸಿದೆ.

ಮುಂದಿನ ಸಾಲಿನಿಂದ ಮುನಿವೆಂಕಟಪ್ಪ ಎದ್ದುನಿಂತರು. ಲೇಔಟ್ ಆಗುವ ಮೊದಲು ಇಲ್ಲಿ ಹೊಲ ಉಳುತ್ತಿದ್ದವರು. ಈಗ ಎರಡು ಪಿಜಿ ಕಟ್ಟಡಗಳ ಮಾಲೀಕರು. ಖಾಲಿ ಎಂದು ಯಾರು ಹೇಳಿದ್ದು ಎಂದು ಕೇಳಿದರು. ಪ್ರಶ್ನೆ ಆಮೇಲೆ, ಕೂತ್ಕೊಳ್ಳಿ ಎಂದೆ. ಅಲ್ಲಿ ಮೊದಲೇ ಇದ್ದವರು ಏನಾದರು ಎಂದರು. ಕಂಬಳಿ, ಕನ್ನಡಿ, ಚಾಕು ಕೊಟ್ಟು ಜಮೀನಿನ ಪತ್ರಕ್ಕೆ ಅವರ ಗುರುತು ಹಾಕಿಸಿಕೊಂಡರಂತೆ ಎಂದು ಒಪ್ಪಿಕೊಂಡು, ಮತ್ತೊಮ್ಮೆ ಕೂತ್ಕೊಳ್ಳಿ ಎಂದೆ.

ಅವರು ಕೂರಲಿಲ್ಲ. "ಇಲ್ಲೂ ಖಾಲಿ ಇರ್ಲಿಲ್ಲ ಸಾರ್. ನಿಮ್ ಅಡುಗೆಮನೆ ಇದ್ಯಲ್ಲ, ಅದು ನಮ್ ಕಣ. ನಮ್ಮವ್ವ ಅಲ್ಲೇ ರಾಗಿ ತೂರ್ತಿದ್ಲು. ಸಮುದ್ರ ಒಂದಿಲ್ಲ ಅಷ್ಟೇ. ನಿಮ್ಮಂಥೋರು ಮಡಿವಾಳದಲ್ಲಿ ಬಸ್ ಇಳ್ದು ಟ್ರಂಕ್ ಹೊತ್ಕೊಂಡ್ ಬರೋರು. ದಾರಿ ತೋರ್ಸಿದ್ದು, ಕುಡಿಯೋಕೆ ನೀರು ಕೊಟ್ಟಿದ್ದು ನಾವೇ."

ನನಗೆ ನಾಚಿಕೆಯಾಯಿತು. ಸಭೆಗೆ ಮಾತ್ರ ಒಮ್ಮೆಗೇ ಎಚ್ಚರವಾಯಿತು. ನಮ್ಮ ಮನೆ ಜಾಗದಲ್ಲಿ ಏನಿತ್ತು, ನಮ್ಮದರಲ್ಲಿ ಏನಿತ್ತು ಎಂದು ಎಲ್ಲರೂ ಅವರನ್ನು ಮುತ್ತಿಕೊಂಡರು. ಹುಬ್ಬಳ್ಳಿಯಿಂದ ಬಂದು ಬಟ್ಟೆ ಅಂಗಡಿ ಇಟ್ಟಿರುವ ಬಸವರಾಜಪ್ಪನವರಿಗೆ ತಮ್ಮ ಗಲ್ಲಾಪೆಟ್ಟಿಗೆ ಅವರೆ ಹೊಲದ ಬದುವಿನ ಮೇಲಿದೆಯೆಂದು ತಿಳಿದು ಹಿಡಿಸಲಾರದಷ್ಟು ಹಿಗ್ಗು. ಕೇಸರಿಬಾತ್ ತಣ್ಣಗಾದರೂ ಯಾರೂ ಅತ್ತ ತಿರುಗಿ ನೋಡಲಿಲ್ಲ. ನಮ್ಮ ಸಂಘದಲ್ಲಿ ಹಿಂದೆಂದೂ ಹೀಗಾದದ್ದಿಲ್ಲ. ಇಂಥ ಉಪನ್ಯಾಸ ಇದೇ ಮೊದಲು ಎಂದು ಕಾರ್ಯದರ್ಶಿ ನನಗೆ ಶಾಲು ಹೊದಿಸಿದರು. ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ತಟ್ಟಿದವರು ಮುನಿವೆಂಕಟಪ್ಪನವರೇ.

ಶಾಲು ಹೊದ್ದೇ ಬೀದಿಯುದ್ದಕ್ಕೂ ನಡೆದು ಮನೆಗೆ ಬಂದು, ಇಡೀ ಸಭೆ ಕೊನೆಯವರೆಗೂ ಎಚ್ಚರವಾಗಿತ್ತು ಎಂದು ಹೆಂಡತಿಗೆ ಹೇಳಿದೆ. ಅಂಥದ್ದೇನು ಹೇಳಿದಿರಿ ಎಂದು ಅವಳು ಕೇಳಿದಳು. ಆ ಮನುಷ್ಯನಿಗೆ ಎರಡು ಸಲ ಕೂತ್ಕೊಳ್ಳಿ ಎಂದದ್ದು ಬಿಟ್ಟರೆ ನನಗೆ ಬೇರೇನೂ ನೆನಪಾಗಲಿಲ್ಲ. ಶಾಲನ್ನು ಮಡಿಸಿ ಬೀರುವಿನಲ್ಲಿಟ್ಟೆ. ಅದನ್ನು ಅದರ ನಿಜವಾದ ವಾರಸುದಾರರಿಗೆ ಕೊಡುವ ಯೋಚನೆ, ಹಡಗಿನಲ್ಲಿ ಬಂದವರಿಗೆ ಬಾರದ ಹಾಗೆ, ನನಗೂ ಬರಲಿಲ್ಲ.