ಒಂಟೆ ಗುರುತಿನ ಭಾವ

ನಮ್ಮ ಭಾವ ಬೆನ್ನಿಗೆ ನಿಂತ ಒಬ್ಬನೇ ಒಬ್ಬ ಅಭ್ಯರ್ಥಿಯೂ ಗೆದ್ದ ಉದಾಹರಣೆಯಿಲ್ಲ! ಗುಂಡ್ಲುಪೇಟೆ ಸೀಮೆಯಲ್ಲಿ ಚುನಾವಣೆ ಬಂತೆಂದರೆ ಜನ ಮೊದಲು ವಿಚಾರಿಸುತ್ತಿದ್ದುದು ಯಾರು ಯಾರು ನಿಂತಿದ್ದಾರೆ ಎಂದಲ್ಲ, ಭಾವ ಯಾರ ಕಡೆ ಎಂದು. ತನ್ನ ಕಡೆ ಅಲ್ಲ ಎಂದು ಖಾತ್ರಿಯಾದ ಅಭ್ಯರ್ಥಿ ಅರ್ಧ ಗೆದ್ದಂತೆಯೇ ಎಂದು ಕಾಲು ಚಾಚಿ ಮಲಗುತ್ತಿದ್ದ. ಇಷ್ಟಾದರೂ ಭಾವನಿಗೆ ಕೆಲಸ ತಪ್ಪಿದ್ದಿಲ್ಲ. ಅವರ ಪಿಲಾನು ಹಾಗಿರುತ್ತಿತ್ತು. ಕೇಳುತ್ತಿರುವಷ್ಟು ಹೊತ್ತು ಗೆದ್ದೇಬಿಟ್ಟೆವು ಎನಿಸುತ್ತಿತ್ತು. ಈಗಿನ ಕಾಲದಲ್ಲಿ ಇಂಥವರನ್ನು ಚುನಾವಣಾ ತಂತ್ರಗಾರರು ಎಂದು ಕರೆದು ಕಾರು ಕಳಿಸುತ್ತಾರೆ. ಐವತ್ತರ ದಶಕದಲ್ಲಿ ನಮ್ಮ ಕಡೆ ಅವರಿಗಿದ್ದ ಬಿರುದು ಒಂದೇ: 'ಕ್ಯಾಮೆ ಇಲ್ದವರು.'

ಒಂದು ಸಲ ಮಾತ್ರ ಅವರು ಗೆಲ್ಲಬೇಕಿತ್ತು. ಪಿಲಾನಿನಲ್ಲಿ ಎಳ್ಳಷ್ಟೂ ತಪ್ಪಿರಲಿಲ್ಲ. ಸೋಲಿಸಿದವನು ನಾನು. ಇದನ್ನು ಬರೆಯಬೇಕೆಂದು ನಾಲ್ಕು ದಿನದಿಂದ ಕೂರುತ್ತೇನೆ, ಎದ್ದು ಹಟ್ಟಿಯಲ್ಲಿ ನಾಲ್ಕು ಸುತ್ತು ಹಾಕುತ್ತೇನೆ, ಮತ್ತೆ ಬಂದು ಕೂರುತ್ತೇನೆ. ಸೊಸೆ ಹೊಟ್ಟೆನೋವೇ ಎಂದು ಕೇಳಿದಳು. ಒಂದು ಥರದಲ್ಲಿ ಹೌದು! ಮೊದಲು ಭಾವನ ಕಥೆ ಹೇಳಿಬಿಡುತ್ತೇನೆ. ನನ್ನದು ಅದರ ಬಾಲ ಹಿಡಿದುಕೊಂಡು ತಾನೇ ಬರುತ್ತದೆ.

ಭಾವ ಎಂದರೆ ನನ್ನ ಅಕ್ಕನ ಗಂಡ. ಭೀಮನಬೀಡಿನ ಪಕ್ಕದ ಒಂದು ಸಣ್ಣ ಊರು. ಹೊಲ ಇತ್ತು, ಒಂದು ಜೊತೆ ಎತ್ತು ಇದ್ದವು, ಅವೆರಡನ್ನೂ ನೋಡಿಕೊಳ್ಳಲು ಅಕ್ಕ ಇದ್ದಳು. ಆದ್ದರಿಂದ ಭಾವನಿಗೆ ಲೋಕದ ಚಿಂತೆ ಮಾಡಲು ಬೇಕಾದಷ್ಟು ಪುರುಸೊತ್ತು. ಮನುಷ್ಯ ಒಂದು ಕಡೆ ನಿಂತವರಲ್ಲ. ಮುದ್ದೆಯನ್ನೂ ಓಡಾಡುತ್ತಲೇ ಮುರಿಯುತ್ತಿದ್ದರು. ಅಕ್ಕ ಸಾರಿನ ಬಟ್ಟಲು ಹಿಡಿದುಕೊಂಡು ಹಿಂದೆ ಹಿಂದೆ. ಒಮ್ಮೆ ಕ್ಷೌರಕ್ಕೆ ಕುಳಿತಿದ್ದಾಗ ದಾರಿಯಲ್ಲಿ ಯಾರೋ ಗಟ್ಟಿ ಓಟುಳ್ಳ ಯಜಮಾನರು ಹೋಗುವುದು ಕಂಡಿತು. ಭಾವ ಎದ್ದು ಓಡಿದರು. ಮೂರು ದಿನ ಊರೂರು ತಿರುಗಿ ಬಂದರು. ಆ ಮೂರು ದಿನವೂ ಎಡಗೆನ್ನೆ ಒಂದು ಪಕ್ಷ, ಬಲಗೆನ್ನೆ ಇನ್ನೊಂದು ಪಕ್ಷ!

ಬೆಳಿಗ್ಗೆ ಶಿವಪೂಜೆಗೆ ಕುಳಿತರೂ ಇದೇ ಕಥೆ. ಬಿಲ್ವಪತ್ರೆ ಏರಿಸುತ್ತಾ 'ಈ ಊರು ನಮಗೆ, ಈ ಊರು ಅವರಿಗೆ' ಎಂದು ಪಂಗಡ ಮಾಡುತ್ತಿದ್ದರು.

"ಶಿವನತ್ರಾನೂ ಓಟು ಕೇಳ್ತಿದ್ದೀರಾ?" ಎಂದು ಅಕ್ಕ ಒಲೆಯ ಮುಂದಿನಿಂದ ಚುಚ್ಚುವಳು.

"ಅವನ್ನ ಕೇಳಿ ಪ್ರಯೋಜನ ಇಲ್ಲ ಕಣೆ. ಅವನು ಯಾರ ಕಡೇನೂ ಅಲ್ಲ. ಇಂಡಿಪೆಂಡೆಂಟು!"

ಅವರ ಪಿಲಾನುಗಳ ಸ್ಯಾಂಪಲ್ಲು ಒಂದು ಹೇಳಬೇಕು. ಚಾಮರಾಜನಗರದ ಕಡೆ ಹರವೆಯಲ್ಲಿ ಪಂಚಾಯ್ತಿ ಚುನಾವಣೆ. ಭಾವ ತಮ್ಮ ಸ್ನೇಹಿತರೊಬ್ಬರ ಪರ ಹೊರಟರು. ಎಲ್ಲರೂ ಎದುರಾಳಿಯನ್ನು ಬೈಯುತ್ತಾರಲ್ಲವೆ? ಭಾವ ಹೇಳಿದರು, "ಬೈದ್ರೆ ಜನಕ್ಕೆ ಅವನ ಮ್ಯಾಲೆ ಕನಿಕರ ಬತ್ತದ ಕಣ್ಲಾ. ಹೊಗಳಿ ಕೊಲ್ಲಬೇಕು. ಅತಿಯಾಗಿ ಹೊಗಳಿದ್ರೆ ಜನಕ್ಕೆ ತಾನಾಗೇ ಅನುಮಾನ ಬತ್ತದ!" ಹದಿನೈದು ದಿನ ಹರವೆಯ ಜಗಲಿ ಜಗಲಿಯಲ್ಲೂ ಎದುರಾಳಿಯನ್ನು ಹೊಗಳಿದರು. ದೇವರಂಥ ಮನುಷ್ಯ ಎಂದರು. ಇರುವೆಯನ್ನೂ ದಾಟಿಕೊಂಡು ಹೋಗುತ್ತಾನೆ ಎಂದರು. ಜನ ನಂಬಿಬಿಟ್ಟರು! ಗೆದ್ದವನು ಹಾರ, ಎಲೆ ಅಡಿಕೆ, ಬಾಳೆಹಣ್ಣು ಹಿಡಿದು ಭಾವನ ಮನೆಗೆ ಗಾಡಿ ಕಟ್ಟಿಕೊಂಡು ಬಂದ. "ನನ್ನ ಹೆತ್ತವ್ವನೂ ನನ್ನ ಬಗ್ಗೆ ಇಂಗೆ ಮಾತಾಡಿಲ್ಲ ಸ್ವಾಮಿ" ಎಂದು ಕಣ್ಣೊರೆಸಿಕೊಂಡ. ಭಾವ ಹಾರ ಹಾಕಿಸಿಕೊಂಡು ಹಿತ್ತಲಿಗೆ ಹೋದವರು ಸಂಜೆಯವರೆಗೂ ಬರಲಿಲ್ಲ.

ಇನ್ನು ನನ್ನ ವಿಷಯದ ಚುನಾವಣೆ. ಇದು ಶಾಸನಸಭೆಗೆ. ಒಂದು ಕಡೆ ಗುಂಡ್ಲುಪೇಟೆಯ ಈರುಳ್ಳಿ ಮಂಡಿ ಸಾಹುಕಾರರು. ಇನ್ನೊಂದು ಕಡೆ ನಿವೃತ್ತ ಮೇಷ್ಟ್ರೊಬ್ಬರು. ಮೇಷ್ಟ್ರ ಬಳಿ ಇದ್ದದ್ದು ಒಂದು ಕೊಡೆ ಮತ್ತು ಒಂದು ಮಾತು: ಗೆದ್ದರೆ ನೀರಿಲ್ಲದ ಊರಿಗೆಲ್ಲ ಬಾವಿ ತೋಡಿಸುತ್ತೇನೆ. ಅಕ್ಕನ ಊರಿನ ಹೆಂಗಸರು ಕುಡಿಯುವ ನೀರಿಗೆ ದಿನಕ್ಕೆರಡು ಸಲ ಹಳ್ಳದವರೆಗೆ ನಡೆಯುತ್ತಿದ್ದರು. ಅಕ್ಕನ ನಡುನೆತ್ತಿಯಲ್ಲಿ ಕೊಡದಡಿಯ ಸಿಂಬಿ ಕೂತು ಕೂತು ಕೂದಲು ಸವೆದಿತ್ತು. ಭಾವ ಯಾವ ಪಕ್ಷಕ್ಕೂ ಅಷ್ಟು ನಿಷ್ಠೆಯಿಂದ ಓಡಾಡಿದವರಲ್ಲ. ಆ ಬಾವಿಗಾಗಿ ಓಡಾಡಿದರು. "ಇದೊಂದು ಗೆಲ್ಲುಸ್ಬುಟ್ರೆ ಆಮೇಲೆ ಮನೇಲಿ ಕೂತ್ಕತೀನಿ" ಎಂದು ಅಕ್ಕನಿಗೆ ಆಣೆಯಿಟ್ಟರು. ಅಕ್ಕ ಆಣೆಯ ಎರಡನೆಯ ಭಾಗವನ್ನು ನಂಬಲಿಲ್ಲ.

ಮೇಷ್ಟ್ರಿಗೆ ಸಿಕ್ಕ ಗುರುತು ಒಂಟೆ. ಒಂಟೆ! ನಮ್ಮ ಸೀಮೆಯಲ್ಲಿ ಆನೆ ಹೊಲಕ್ಕೇ ಬರುತ್ತದೆ, ಹುಲಿಯನ್ನು ನೋಡಿದವರು ಮನೆಗೊಬ್ಬರಿದ್ದಾರೆ. ಒಂಟೆಯನ್ನು ಯಾರು ಕಂಡಿದ್ದರು? ಗೋಡೆಗೆ ಚಿತ್ರ ಬರೆಯಲು ಬಂದ ಪೇಂಟರು ಲಾರಿಗಳ ಹಿಂಭಾಗಕ್ಕೆ ಹೂವು, ನವಿಲು ಬರೆಯುವವನು. ಕುದುರೆ ಬರೆದು ಬೆನ್ನಿನ ಮೇಲೆ ಒಂದು ಗುಡ್ಡ ಇಟ್ಟ. ಚಾವಡಿ ಗೋಡೆಯ ಮುಂದೆ ಒಬ್ಬ ಮುದುಕಿ ಬಹಳ ಹೊತ್ತು ನಿಂತು ಲೊಚಗುಟ್ಟಿದಳು.

"ಅಯ್ಯೋ ಮೂಕಪ್ರಾಣಿ! ಬೆನ್ನು ಎಂಗೆ ಊದ್ಕಂಡದ ನೋಡು. ಬೇವಿನೆಣ್ಣೆ ಹಚ್ಬಾರ್ದಾ?"

ಬೇರೆ ಯಾರಾದರೂ ಆಗಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ಭಾವ ಭಾವನೇ! ಒಂದು ಕ್ಷಣವೂ ತಡೆಯದೆ ಹೇಳಿದರು, "ಅದು ಊತ ಅಲ್ಲ ಕಣವ್ವ, ನೀರಿನ ಕೊಡ! ನೀರಿಲ್ದ ಸೀಮೇಲಿ ಹುಟ್ಟಿದ ಪ್ರಾಣಿ. ಹೋದಲ್ಲೆಲ್ಲ ಹೊತ್ಕಂಡೇ ತಿರುಗ್ತದ. ಥೇಟು ನಿಮ್ಮಂಗೇಯ!"

ಮುದುಕಿ ಒಂಟೆಯನ್ನೇ ನೋಡಿದಳು. ಆಮೇಲೆ ಕೈಯಲ್ಲಿದ್ದ ಕೊಡವನ್ನು ಕೆಳಗಿಟ್ಟು, "ಅಂಗಾದ್ರೆ ಇದು ನಮ್ಮ ಪೈಕಿ" ಎಂದಳು. ವಾರದೊಳಗೆ ಸುತ್ತಲಿನ ಊರುಗಳ ಹೆಂಗಸರ ಬಾಯಲ್ಲೆಲ್ಲ ಒಂಟೆ.

ಎಡವಟ್ಟುಗಳಿಗೂ ಕೊರತೆಯಿರಲಿಲ್ಲ. ಪ್ರಚಾರ ದೂರ ಹಬ್ಬಲಿ ಎಂದು ಭಾವ ಗುಂಡ್ಲುಪೇಟೆಯಲ್ಲಿ ನಿಂತಿದ್ದ ಲಾರಿಗಳಿಗೆಲ್ಲ ಒಂಟೆಯ ಭಿತ್ತಿಪತ್ರ ಅಂಟಿಸಿಬಿಟ್ಟರು. ಅಷ್ಟೂ ಲಾರಿಗಳು ಈರುಳ್ಳಿ ಹೊತ್ತು ಕೇರಳಕ್ಕೆ ಹೊರಟವು! ಸುಲ್ತಾನ್ ಬತ್ತೇರಿಯಲ್ಲಿ ಒಂಟೆಗೆ ಒಳ್ಳೆಯ ಹವಾ ಇದೆಯೆಂದು ಡ್ರೈವರುಗಳು ಬಂದು ಹೇಳಿದರು. "ಹಬ್ಬಲಿ ಬುಡು, ಮುಂದಕ್ಕಾಯ್ತದ" ಎಂದರು ಭಾವ.

ಆದರೆ ಗಂಡಸರ ಓಟು ಯಜಮಾನರುಗಳ ಹಿಂದೆ ಹೋಗುತ್ತದೆಂದು ಭಾವನಿಗೆ ಗೊತ್ತಿತ್ತು. ಗೆದ್ದರೆ ಹೆಂಗಸರಿಂದಲೇ. ಅಲ್ಲೊಂದು ತೊಡಕು. ನಮ್ಮ ಕಡೆ ಹೆಂಗಸರೆಲ್ಲ ಮಾದಮ್ಮ, ಸಿದ್ದಮ್ಮ, ಗುರುಮಲ್ಲಮ್ಮ. ಅಕ್ಕನ ಊರೊಂದರಲ್ಲೇ ಮಾದಮ್ಮಂದಿರು ಒಂದು ಹಿಂಡು. ಇಂಥವಳೇ ಎಂದು ಗೊತ್ತಾಗಬೇಕಾದರೆ ಮತಗಟ್ಟೆಯಲ್ಲಿ ಗಂಡನ ಹೆಸರು ಕೇಳುತ್ತಾರೆ. ಯಾವ ಹೆಂಗಸು ಗಂಡನ ಹೆಸರು ಹೇಳುತ್ತಾಳೆ? ಹೇಳಿದರೆ ಅವನ ಆಯಸ್ಸು ಕಡಿಮೆಯಾಗುತ್ತದೆ ಎಂಬ ಭಯ ಎಲ್ಲರಿಗೂ.

ಭಾವ ಕೊಟ್ಟಿಗೆಯಲ್ಲಿ ತಾಲೀಮು ಇಟ್ಟರು. ಆ ಕಾಲದಲ್ಲಿ ಚೀಟಿಗೆ ಮುದ್ರೆ ಒತ್ತುವುದಿರಲಿಲ್ಲ. ಒಬ್ಬೊಬ್ಬ ಅಭ್ಯರ್ಥಿಗೆ ಒಂದೊಂದು ಪೆಟ್ಟಿಗೆ, ಅದರ ಮೇಲೆ ಗುರುತು, ಬೇಕಾದ ಪೆಟ್ಟಿಗೆಗೆ ಚೀಟಿ ಹಾಕಿದರಾಯಿತು. ಎರಡು ರಾಗಿ ಮಡಕೆಗಳೇ ಪೆಟ್ಟಿಗೆ. ಭಾವ ಪೇಟ ಸುತ್ತಿ ಆಫೀಸರಾದರು.

"ನಿನ್ನ ಎಸ್ರು?"

"ಮಾದಮ್ಮ."

"ಗಂಡನ ಎಸ್ರು?"

"ಏನ್ ಸ್ವಾಮಿ, ನಿಮ್ಗೆ ಗೊತ್ತಿಲ್ವಾ? ನೆನ್ನೆ ನಿಮ್ಮ ಜೊತೇಲೇ ಬೀಡಿ ಸೇದ್ತಿದ್ರು!"

ಇನ್ನೊಬ್ಬಳು ಬಸವಣ್ಣನ ಹೆಂಡತಿ. ಎತ್ತಿನ ಕಡೆ ಕೈ ತೋರಿಸಿ, "ಅಲ್ಲಿ ಹುಲ್ಲು ತಿನ್ತಾ ಅವರಲ್ಲ, ಅವರೇ" ಎಂದಳು. ಹೆಂಗಸರೆಲ್ಲ ಸೆರಗು ಬಾಯಿಗೊತ್ತಿಕೊಂಡು ನಕ್ಕರು. ಅಕ್ಕನ ಸರದಿ ಬಂತು. ಕೇಳುತ್ತಿರುವವರೇ ಗಂಡ! ಅಕ್ಕ ಚೀಟಿಯನ್ನು ಭಾವನ ಪೇಟಕ್ಕೆ ಸಿಕ್ಕಿಸಿ ಹೊರಟುಹೋದಳು.

ಕೊನೆಗೆ ಭಾವ ನನ್ನನ್ನು ಕರೆದರು. ನಾನು ಆಗ ತಾನೇ ಹೈಸ್ಕೂಲು ಮುಗಿಸಿ, ಕೆಲಸವಿಲ್ಲದೆ ಅಕ್ಕನ ಮನೆಯಲ್ಲೇ ಬಿದ್ದಿದ್ದೆ. "ನೀನು ನಮ್ಮ ಏಜೆಂಟು ಕಣ್ಲಾ. ಒಳಗೆ ಸ್ಟೂಲ್ ಮ್ಯಾಲೆ ಕೂತ್ಕ. ಹೆಂಗಸ್ರು ಬಂದಾಗ ಗಂಡನ ಎಸ್ರು ನೀನು ಹೇಳು. ಅಷ್ಟೇ ಕೆಲ್ಸ. ಎಲ್ಲಿಗೂ ಏಳ್ಬೇಡ." ಊರಿನ ಅಷ್ಟೂ ಗಂಡಸರ ಹೆಸರು ಬಾಯಿಪಾಠ ಮಾಡಿಸಿದರು. ಇಷ್ಟು ಸುಲಭದ ಪಿಲಾನು ಅವರ ಜನ್ಮದಲ್ಲೇ ಇರಲಿಲ್ಲ.

ಓಟಿನ ಹಿಂದಿನ ದಿನ ಗುಂಡ್ಲುಪೇಟೆಯಲ್ಲಿ ಮಂಡಿ ಸಾಹುಕಾರರ ಕಡೆಯವರೊಬ್ಬರು ನನ್ನನ್ನು ಕಾಫಿಗೆ ಕರೆದರು. ಬೆದರಿಸಲಿಲ್ಲ, ಬೈಯಲಿಲ್ಲ. "ಮಂಡೀಲಿ ಲೆಕ್ಕ ಬರೆಯೋ ರೈಟರ್ ಕೆಲಸ ಒಂದು ಖಾಲಿ ಅದ ಕಣಪ್ಪ. ನೀನು ಯಾರಿಗೂ ಅನ್ಯಾಯ ಮಾಡಬೇಡ. ನಾಳೆ ಹೆಂಗಸರು ಬರೋ ಹೊತ್ತಿಗೆ ಊಟಕ್ಕೆ ಅಂತ ಎದ್ದು ಬಾ. ನಿಧಾನವಾಗಿ ಉಣ್ಣು" ಎಂದರು. ಊಟ ಮಾಡುವುದು ತಪ್ಪೆ? ನನಗೆ ನಾನೇ ಹೀಗೆ ಕೇಳಿಕೊಂಡೆ. ಇಂಥ ಪ್ರಶ್ನೆ ಕೇಳಿಕೊಳ್ಳುವವನಿಗೆ ಉತ್ತರ ಮೊದಲೇ ಗೊತ್ತಿರುತ್ತದೆ.

ಮರುದಿನ ಬೆಳಗಿನಿಂದ ಗಂಡಸರು ಓಟು ಹಾಕಿದರು. ಭಾವ ಶಾಲೆಯಿಂದಾಚೆ, ಪ್ರಚಾರಕರು ದಾಟಬಾರದ ಗೆರೆಯ ಹೊರಗೆ, ಹೊಂಗೆ ಮರದ ಸುತ್ತ ಗಾಣದ ಎತ್ತಿನಂತೆ ತಿರುಗುತ್ತಿದ್ದರು. ಹನ್ನೊಂದರ ಹೊತ್ತಿಗೆ, ಮನೆಗೆಲಸ ಮುಗಿಸಿದ ಹೆಂಗಸರು ತಲೆಗೆ ಎಣ್ಣೆ ಹಚ್ಚಿ, ಹೂ ಮುಡಿದು ಗುಂಪಾಗಿ ಬರುವುದು ಕಿಟಕಿಯಿಂದ ಕಂಡಿತು. ಗುಂಪಿನಲ್ಲಿ ಅಕ್ಕನೂ ಇದ್ದಳು. ನಾನು ಎದ್ದೆ. ಹಿಂಬಾಗಿಲಿನಿಂದ ಹೋದೆ. ಸಾಹುಕಾರರ ಕಡೆಯವರ ಮನೆಯಲ್ಲಿ ಪಾಯಸದ ಊಟ. ಎರಡನೇ ಸಲ ಹಪ್ಪಳ ಕೇಳಿ ಹಾಕಿಸಿಕೊಂಡೆ.

ಮೂರು ಗಂಟೆಗೆ ಬಂದಾಗ ಶಾಲೆ ಬಿಕೋ ಎನ್ನುತ್ತಿತ್ತು. ಬಾಗಿಲಲ್ಲಿದ್ದ ತಳವಾರ ನಡೆದದ್ದನ್ನು ಹೇಳಿದ. ಗಂಡನ ಹೆಸರು ಕೇಳಿದಾಗ ಮೊದಲ ಮಾದಮ್ಮ ನಾಚಿ ಆಚೆ ಬಂದಳು. ಎರಡನೆಯವಳು ಬೆವರಿದಳು. ಮೂರನೆಯವಳು ಎತ್ತು ಹುಡುಕಿದಳು, ಅಲ್ಲಿ ಎತ್ತಿರಲಿಲ್ಲ. ಆಮೇಲೆ ಅಕ್ಕ. ಅಕ್ಕ ಖಾಲಿ ಸ್ಟೂಲನ್ನು ನೋಡುತ್ತಾ ಬಹಳ ಹೊತ್ತು ನಿಂತಳಂತೆ. ಆಫೀಸರು "ಹೇಳ್ತೀಯೋ ಹೋಗ್ತೀಯೋ?" ಎಂದರಂತೆ. ಅಕ್ಕ ಗಂಡನ ಹೆಸರು ಹೇಳಿಬಿಟ್ಟಳಂತೆ. ಉಳಿದ ಹೆಂಗಸರು ಅದನ್ನು ಕೇಳಿದ್ದೇ ಕೆನ್ನೆಗೆ ಕೈಹಚ್ಚಿಕೊಂಡು ಹಿಂದಕ್ಕೆ ಸರಿದು, ಮನೆಗಳಿಗೆ ನಡೆದರಂತೆ. ಅಷ್ಟು ಹೆಂಗಸರಲ್ಲಿ ಒಂಟೆಗೆ ಬಿದ್ದದ್ದು ಒಂದೇ ಚೀಟಿ.

ಮೇಷ್ಟ್ರು ಸೋತರು. ಎಷ್ಟರಲ್ಲಿ? ಒಂದು ಎತ್ತಿನ ಗಾಡಿ ತುಂಬುವಷ್ಟು ಜನರಲ್ಲಿ.

ಓಟಿನ ದಿನ ಸಂಜೆಯೇ ಭಾವ ನನ್ನ ಮುಂದೆ ಬಂದು ನಿಂತಾಗ, "ನಾನು ಅಲ್ಲೇ ಇದ್ದೆ ಭಾವ. ಆಫೀಸರು ನನ್ನ ಮಾತು ಒಪ್ಪಲಿಲ್ಲ" ಎಂದೆ. ನಾಲಿಗೆ ತೊದಲಲೂ ಇಲ್ಲ! ಬೈಗುಳಕ್ಕೆ ಕಾದೆ. ಅವರು ದನಿ ತಗ್ಗಿಸಿ ಕೇಳಿದ್ದೇ ಬೇರೆ:

"ನಿಮ್ಮಕ್ಕ ನನ್ನ ಎಸ್ರು ಹೇಳಿದ್ಲಂತಲ್ಲ. ನಾನು ಗೆರೆಯಿಂದಾಚೆ ಇದ್ದೆ, ಕೇಳಿಸ್ನಿಲ್ಲ. ಎಂಗೆ ಹೇಳಿದ್ಲು?"

"ಗಂಟೆ ಬಾರಿಸಿದ ಹಾಗೆ ಹೇಳಿದಳು ಭಾವ" ಎಂದೆ.

ನನಗೆ ಮಂಡಿಯಲ್ಲಿ ಕೆಲಸ ಸಿಕ್ಕಿತು. ಹಬ್ಬಕ್ಕೆ ಅಕ್ಕನ ಮನೆಗೆ ಹೋದಾಗಲೆಲ್ಲ ಭಾವ ನನ್ನನ್ನು ಕೊಟ್ಟಿಗೆಯ ಕಡೆಗೆ ಕರೆದು, "ಅದೇ ಅವತ್ತು... ಎಂಗೆ ಹೇಳಿದ್ಲು?" ಎಂದು ಕೇಳುವರು. ಅಕ್ಕನನ್ನೇ ಕೇಳಿ ನೋಡಿದ್ದರಂತೆ. "ಸರ್ಕಾರದ ಮುಂದೆ ಹೇಳಿದ್ದು ನಿಮ್ಮ ಮುಂದೆ ಹೇಳಕ್ಕಾಯ್ತದಾ?" ಎಂದಳಂತೆ. ಹಾಗಾಗಿ ನಾನೇ ಗತಿ. ಪ್ರತಿ ಸಲವೂ ಸುಳ್ಳಿಗೆ ಒಂದೊಂದು ಒಗ್ಗರಣೆ ಹಾಕಿದೆ. ಒಂದು ಯುಗಾದಿಗೆ ಅಕ್ಕ ತಲೆಯೆತ್ತಿ ಹೇಳಿದಳು. ಗೌರಿಹಬ್ಬಕ್ಕೆ ಆಫೀಸರೇ ಬೆಚ್ಚಿ ಪೆನ್ನು ಬೀಳಿಸಿದ. ಭಾವ ಕಣ್ಣು ಮುಚ್ಚಿ ಕೇಳುವರು. ನನಗೆ ಅಲ್ಲಿ ಕೂರಲು ಆಗುತ್ತಿರಲಿಲ್ಲ. ಬಸ್ಸಿಗೆ ಹೊತ್ತಾಯಿತು ಎಂದು, ಬಸ್ಸೇ ಇಲ್ಲದ ಹೊತ್ತಿನಲ್ಲಿ ಎದ್ದು ಬರುತ್ತಿದ್ದೆ. ದಾರಿಯಲ್ಲಿ ಹಳ್ಳದಿಂದ ನೀರು ಹೊತ್ತು ಬರುವ ಹೆಂಗಸರು ಎದುರಾದರೆ ಹೊಲಕ್ಕಿಳಿದು ಸುತ್ತಿ ಹೋಗುತ್ತಿದ್ದೆ.

ಎರಡು ವರ್ಷ ಹೀಗೆ ಕಳೆಯಿತು. ಒಂದು ಮಧ್ಯಾಹ್ನ, ಭಾವ ಜಗಲಿಯ ಮೇಲೆ ಮತ್ತೆ ಅದನ್ನೇ ಕೇಳಿದಾಗ ನನ್ನಿಂದಾಗಲಿಲ್ಲ.

"ಭಾವ, ನಾನು ಕೇಳಿಲ್ಲ. ನಾನು ಅಲ್ಲಿರಲೇ ಇಲ್ಲ. ಆ ಮಂಡಿ ಕೆಲಸಕ್ಕೋಸ್ಕರ..."

"ಗೊತ್ತು ಕಣ್ಲಾ" ಎಂದರು ಭಾವ. "ಅವತ್ತೇ ಗೊತ್ತು. ಎರಡ್ನೇ ಸಲ ಹಪ್ಪಳ ಹಾಕುಸ್ಕಂಡಿದ್ದೂ ಗೊತ್ತು. ಅಷ್ಟೂ ಗೊತ್ತಾಗ್ದಿದ್ರೆ ನಾನ್ಯಾವ ಸೀಮೆ ಪಿಲಾನು ಮಾಡೋನು?"

"ಮತ್ತೆ... ಯಾಕೆ ಕೇಳ್ತಿದ್ರಿ?"

ಭಾವ ಹೆಗಲ ಮೇಲಿನ ಟವೆಲನ್ನು ತೆಗೆದು ಮಡಿಸಿದರು, ಬಿಚ್ಚಿದರು, ಮತ್ತೆ ಮಡಿಸಿದರು. "ಅವಳಂತೂ ಹೇಳಕಿಲ್ಲ. ನೀನು ಸುಳ್ಳಾದ್ರೂ ಚೆಂದಾಗಿ ಹೇಳ್ತಿದ್ದೆ. ಅದ್ಕೇಯ. ಇನ್ನೊಂದ್ಸಲ ಹೇಳು."

ನಾನು ಗಂಟಲು ಸರಿಮಾಡಿಕೊಂಡೆ. ಅಕ್ಕ ತಲೆಯೆತ್ತಿದಳು ಎಂದೆ. ಎಲ್ಲರಿಗೂ ಕೇಳುವಂತೆ ಎಂದೆ. ಮುಂದೆ ಹೇಳಲಾಗಲಿಲ್ಲ.

"ಅಂಗಲ್ಲ ಕಣ್ಲಾ ನಾನು ಹೇಳಿದ್ದು."

ಒಳಗಿನಿಂದ ಅಕ್ಕ. ಹಿಟ್ಟಿನ ಕೈಯನ್ನು ಸೆರಗಿಗೆ ಒರೆಸಿಕೊಳ್ಳುತ್ತಾ ಬಾಗಿಲಿಗೆ ಬಂದಳು. ನನ್ನನ್ನೂ ನೋಡಲಿಲ್ಲ, ಭಾವನನ್ನೂ ನೋಡಲಿಲ್ಲ. ಹೊಸ್ತಿಲನ್ನು ನೋಡುತ್ತಾ, ತಪ್ಪೊಪ್ಪಿಕೊಳ್ಳುವವರಷ್ಟು ಸಣ್ಣ ದನಿಯಲ್ಲಿ, ಗಂಡನ ಹೆಸರು ಹೇಳಿದಳು.

ಭಾವ ಎದ್ದು ನಿಂತುಬಿಟ್ಟರು, ಹಾಜರಿ ಕೂಗಿದಾಗ ನಿಲ್ಲುತ್ತಾರಲ್ಲ, ಹಾಗೆ.