ಮಂಡಿಗೆ ಮಂಡಿಯೇ ಮದ್ದು

"ಇನ್ನೊಂದೇ ತಿಂಗಳು! ಆಮೇಲೆ ನೋಡು, ಇಪ್ಪತ್ತರ ಹುಡುಗನೂ ನನ್ನ ಮಂಡಿ ಕಂಡು ಹೊಟ್ಟೆಕಿಚ್ಚು ಪಡಬೇಕು!" ಎಂದು ಡ್ರಿಲ್ ಮಾಸ್ತರು ಬೆಳಗಿನ ಕಾಫಿ ಲೋಟ ಎತ್ತಿ ಘೋಷಿಸಿದರು.

ಪಾಪ, ಅವರ ಕಷ್ಟ ಅವರಿಗೆ. ಶಾಲೆಯ ಮೈದಾನದಲ್ಲಿ ಇಷ್ಟು ವರ್ಷ ಮಕ್ಕಳನ್ನು ಕೂರಿಸಿ ಎಬ್ಬಿಸಿದವರ ಮಾತನ್ನು ಈಗ ಅವರ ಸ್ವಂತ ಮಂಡಿಯೇ ಕೇಳುತ್ತಿರಲಿಲ್ಲ. "ಕೂತ್ಕೋ!" ಎಂದು ಬಗ್ಗಿದರೆ "ಕಟಕ್!" "ಏಳು!" ಎಂದು ಎದ್ದರೆ "ಕರಕರ!" ಹಿಂದಿನ ಸಾಲಿನ ಪುಂಡರಂತೂ ಮಾಸ್ತರು ಸೀಟಿ ಊದುವುದನ್ನು ಕಾಯುವುದನ್ನೇ ಬಿಟ್ಟು ಮಂಡಿಯ ಸದ್ದಿಗೇ ಕವಾಯತು ಶುರುಮಾಡಿದ್ದರು. ಇದಕ್ಕಿಂತ ಮಾನಭಂಗ ಬೇಕೆ? ಕ್ಷೌರದಂಗಡಿಯಲ್ಲಿ ಯಾರೋ "ಮೂಳೆ ಸೂಪು ಕುಡೀರಿ ಸಾರ್, ಮಂಡಿಗೆ ಮಂಡಿಯೇ ಮದ್ದು" ಎಂದದ್ದೇ ತಡ, ಮಾಸ್ತರಿಗೆ ಅದು ವೇದವಾಕ್ಯವಾಯಿತು.

"ಸೂಪೂ ಇಲ್ಲ, ಗೀಪೂ ಇಲ್ಲ. ದಿನಾ ಸ್ವಲ್ಪ ನಡೀರಿ ಅಂದ್ರೆ ಮಾತ್ರ ಕೇಳಲ್ಲ," ಎಂದರು ಹೆಂಡತಿ. ಆಕೆ ನರ್ಸಿಂಗ್ ಕಾಲೇಜಿನಲ್ಲಿ ಶರೀರಶಾಸ್ತ್ರದ ಟೀಚರು. "ಇವತ್ತೊಂದಿನ ನನ್ನ ತಲೆ ತಿನ್ನಬೇಡಿ. ಮಧ್ಯಾಹ್ನ ನನ್ನ ಪಾಠ ನೋಡೋಕೆ ಪರೀಕ್ಷಕಿ ಬರ್ತಾರೆ. ಅವರು ಹೂಂ ಅಂದ್ರೆ ನಾನು ವಿಭಾಗದ ಮುಖ್ಯಸ್ಥೆ. ಉಹೂಂ ಅಂದ್ರೆ ಇನ್ನೆಷ್ಟು ವರ್ಷಾನೋ ಹೀಗೇ!" ಎಂದವರೇ ಕೋಣೆ ಸೇರಿ, ಬಾಗಿಲು ಹಾಕಿಕೊಂಡು, ಗೋಡೆಗೆ ಪಾಠ ಹೇಳತೊಡಗಿದರು.

ಮಾಸ್ತರು ಫ್ರಿಜ್ ತೆಗೆದರು. ಸ್ಟೀಲ್ ಡಬ್ಬಿಯೊಳಗೆ, ಒದ್ದೆ ಬಟ್ಟೆ ಸುತ್ತಿಕೊಂಡು, ಒಂದು ಇಡೀ ಕುರಿಯ ಮಂಡಿ! ಮೂಳೆಗಳ ತುದಿಯಲ್ಲಿ ಮುತ್ತಿನಂತೆ ಹೊಳೆಯುವ ಬಿಳುಪು! ಮಾಸ್ತರ ಕಣ್ಣು ತುಂಬಿ ಬಂತು. ಬಾಯಲ್ಲಿ ಬೈಗುಳ, ಫ್ರಿಜ್ಜಿನಲ್ಲಿ ಪ್ರೀತಿ! ಹೆಂಡತಿ ಎಂದರೆ ಹೀಗಿರಬೇಕು!

ಕುಕ್ಕರು ಕೂಗಿತು, ಕೂಗುತ್ತಲೇ ಇತ್ತು. ಕಾಳುಮೆಣಸಿನ ಪುಡಿ ಉದುರಿಸಿ ಎರಡು ಲೋಟ ಇಳಿಸಿದ ಮೇಲೆ ಮಾಸ್ತರಿಗೆ ಮಂಡಿಯೊಳಗೆ ಏನೋ ಚಿಗುರಿದಂತಾಯಿತು. ಮೂರನೆಯ ಲೋಟವನ್ನು ಹೆಂಡತಿಗೆ ಒಯ್ದರು.

"ಪರವಾಗಿಲ್ವೇ, ಚೆನ್ನಾಗಿದೆ!" ಎಂದು ಆಕೆ ಗುಟುಕರಿಸಿದರು. "ಮೂಳೆ ಯಾವಾಗ ತಂದ್ರಿ?"

"ನಾನೆಲ್ಲಿ ತಂದೆ? ನನಗೋಸ್ಕರ ನೀನೇ ತಂದಿಟ್ಟಿದ್ದೆಯಲ್ಲ, ನನ್ನ ಚಿನ್ನ!"

ಲೋಟ ತುಟಿಯ ಹತ್ತಿರವೇ ನಿಂತಿತು.

"ಸ್ಟೀಲ್ ಡಬ್ಬೀದಾ?"

"ಅದೇ."

"ರೀ! ಅದು ನನ್ನ ಪಾಠ ಕಣ್ರೀ! ನನ್ನ ಪಾಠಾನೇ ಕುಡಿದುಬಿಟ್ರಲ್ರೀ!"

"ನೀನೂ ಕುಡಿದೆಯಲ್ಲ..." ಎಂದು ಮಾಸ್ತರು ಹೇಳುವಷ್ಟರಲ್ಲಿ ಆಕೆ ಅಡುಗೆಮನೆಗೆ ಓಡಿ ಕುಕ್ಕರಿನೊಳಗೆ ಸೌಟು ಆಡಿಸಿದರು.

ಕುಕ್ಕರಿನಲ್ಲಿ ಮುತ್ತಿನ ಬಿಳುಪೆಲ್ಲ ಕರಗಿ ಅಂಟಾಗಿತ್ತು. "ಮಾಂಸದಂಗಡಿಯವನಿಗೆ ದುಂಬಾಲು ಬಿದ್ದು, ಒಂದು ಗೀರೂ ಬೀಳದ ಹಾಗೆ ಕೊಯ್ಸಿ ತಂದಿದ್ದೆ! ಇವತ್ತು ಅವನ ಅಂಗಡೀನೂ ರಜ! ಪರೀಕ್ಷಕಿಗೆ ಏನು ತೋರಿಸ್ಲಿ, ಈ ಸೌಟನ್ನಾ?" ಎಂದು ಆಕೆ ಅಳುತ್ತಾ ಸೌಟು ಎಸೆದರು. ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು! ಮಾಸ್ತರು ಸೌಟನ್ನು ಎತ್ತಿಕೊಡಲು ಬಗ್ಗಿದರು.

"ಕಟಕ್!"

ಹೆಂಡತಿಯ ಅಳು ನಿಂತಿತು. ಅವರು ಗಂಡನ ಮಂಡಿಯನ್ನು ಬೆಲೆ ಕಟ್ಟುವವರ ಹಾಗೆ ನೋಡಿದರು.

"ಹೋಗಿ, ಚಡ್ಡಿ ಹಾಕ್ಕೊಂಡು ಬನ್ನಿ."

"ಯಾಕೆ?"

"ಕಾಲೇಜಿಗೆ!"

ಮಧ್ಯಾಹ್ನ ತರಗತಿಯ ಮೇಜಿನ ಮೇಲೆ ಮಾಸ್ತರು ಕಾಲು ಇಳಿಬಿಟ್ಟು ಕೂತಿದ್ದರು. ಸುತ್ತ ವಿದ್ಯಾರ್ಥಿನಿಯರು. ಮಂಡಿಯ ಹತ್ತಿರ ಮೈಕು! ಮೂಲೆಯಲ್ಲಿ, ನಗುವೆಂಬುದನ್ನೇ ಅರಿಯದ ಮುಖದ ಪರೀಕ್ಷಕಿ.

"ಮೂಳೆಗೆ ಮೂಳೆ ಉಜ್ಜದ ಹಾಗೆ ಅದರ ತುದಿಗೆ ಒಂದು ನುಣುಪು ಹೊದಿಕೆ ಇರುತ್ತೆ. ಅದೇ ಮೃದ್ವಸ್ಥಿ," ಎಂದರು ಟೀಚರು. "ಅದಕ್ಕೆ ರಕ್ತನಾಳ ಇಲ್ಲ. ನಡೆದಾಗ ಸ್ಪಂಜಿನ ಹಾಗೆ ಒತ್ತಿಸಿಕೊಂಡು, ಬಿಟ್ಟಾಗ ಕೀಲಿನ ರಸ ಹೀರಿಕೊಂಡು ಬದುಕುತ್ತೆ. ವಯಸ್ಸಾದ ಹಾಗೆ ಒರಟಾಗುತ್ತೆ, ಸವೆಯುತ್ತೆ. ಸವೆದದ್ದು ಮತ್ತೆ ಮೊದಲಿನ ಹಾಗೆ ಬೆಳೆಯಲ್ಲ. ಸೂಪು ಕುಡಿದ್ರೆ ಅದು ಹೊಟ್ಟೆಗೆ ಹೋಗುತ್ತೆ, ಅಲ್ಲಿಂದ ಮಂಡಿಗೆ ದಾರಿ ಅದಕ್ಕೆ ಗೊತ್ತಿಲ್ಲ! ರೀ, ಎಲ್ಲಿ, ಕಾಲು ಮಡಚಿ."

ಕರಕರ ಸದ್ದು ಇಡೀ ಕೊಠಡಿಯಲ್ಲಿ ಮೊಳಗಿತು. ಕೊನೆಯ ಬೆಂಚಿನವರೂ ಬರೆದುಕೊಂಡರು.

"ಮೇಡಂ, ಸವೆಯೋವಾಗ ಅದಕ್ಕೆ ನೋವಾಗಲ್ವಾ?" ಎಂದು ಒಬ್ಬಳು ಕೇಳಿದಳು.

"ಅದಕ್ಕೆ ನರಾನೇ ಇಲ್ವಲ್ಲಮ್ಮ. ಬಾಯಿಮುಚ್ಚಿಕೊಂಡು ಸವೀತಾ ಇರುತ್ತೆ. ಕೂಗಾಡೋದೆಲ್ಲ ಪಕ್ಕದಲ್ಲಿರೋ ಮೂಳೆ. ಸಂಸಾರ ಇದ್ದ ಹಾಗೆ!"

ಪರೀಕ್ಷಕಿ ಗಹಗಹಿಸಿ ನಕ್ಕರು. ಎದ್ದು ಬಂದು, "ಅಭಿನಂದನೆ, ಮುಖ್ಯಸ್ಥೆಯವರೇ," ಎಂದು ಟೀಚರ ಕೈ ಕುಲುಕಿದರು. ಮಾಸ್ತರ ಎದೆಯೂ ಉಬ್ಬಿತು.

"ನೀವು ಮುಂದಿನ ವರ್ಷಾನೂ ಬರಬೇಕು," ಎಂದು ಪರೀಕ್ಷಕಿ ಅವರತ್ತ ತಿರುಗಿದರು. "ಅಷ್ಟರಲ್ಲಿ ಇನ್ನೊಂಚೂರು ಸವೆದಿರುತ್ತೆ. ಆಮೇಲೆ ಮೈಕೂ ಬೇಕಾಗಲ್ಲ."

ಇಂಥ ಅವಮಾನ ಸಾಕು, ಸುತರಾಂ ಬರುವುದಿಲ್ಲ ಎಂದು ಖಡಾಖಂಡಿತವಾಗಿ ಹೇಳಲು ಮಾಸ್ತರು ಮೇಜಿನಿಂದ ಇಳಿದು ಎದೆ ಸೆಟೆಸಿ ನಿಂತರು. ಅವರು ಬಾಯಿ ತೆರೆಯುವ ಮೊದಲೇ ಮಂಡಿ ಒಪ್ಪಿಕೊಂಡುಬಿಟ್ಟಿತು:

"ಕಟಕ್!"